ದೊಡ್ಡ ಚರ್ಚ್‌ಗೆ ಸೇರುವ ಮೊದಲು ಹತ್ತನೇ ವಚನ ಓದಿ

ಏಳು ವರ್ಷ ಒಂದು ದೊಡ್ಡ ಚರ್ಚ್‌ಗೆ ಹೋಗುತ್ತಿದ್ದೆ. ಹೆಸರು ಹೇಳುವುದಿಲ್ಲ. ಹೇಳಿದರೆ ಅದು ಆ ಒಂದು ಚರ್ಚ್‌ನ ಜಗಳವಾಗಿ ಮುಗಿಯುತ್ತದೆ. ಅದೇ ಅಚ್ಚಿನವು ಬೇಕಾದಷ್ಟಿವೆ. ವಾರಕ್ಕೆ 2,000 ಜನ ಅಥವಾ ಅದಕ್ಕಿಂತ ಜಾಸ್ತಿ ಸೇರಿದರೆ ಮೆಗಾಚರ್ಚ್ ಅನ್ನುತ್ತಾರೆ. ನಮ್ಮದು ಆ ಲೆಕ್ಕ ಯಾವಾಗಲೋ ದಾಟಿತ್ತು.

ಮೊದಲ ದಿನ ತುಂಬಾ ಇಷ್ಟವಾಗಿತ್ತು, ಸುಳ್ಳು ಯಾಕೆ ಹೇಳಲಿ. ಪಾರ್ಕಿಂಗ್‌ನಲ್ಲೇ ಒಬ್ಬ ಸ್ವಯಂಸೇವಕರು ಕೈಬೀಸಿ ಕರೆದು ಜಾಗ ತೋರಿಸಿದರು. ಒಳಗೆ ಕಾಫಿ ಕೌಂಟರ್, ಪುಸ್ತಕದಂಗಡಿ, ಮಕ್ಕಳಿಗೆ ಬೇರೆ ಕೋಣೆ. ಪರದೆಯ ಮೇಲೆ ಸೆಕೆಂಡುಗಳು ಇಳಿಯುತ್ತಾ ಸೊನ್ನೆಗೆ ಬಂದ ಕೂಡಲೇ ದೀಪ ಆರಿ, ಹೊಗೆ ಎದ್ದು, ಡ್ರಮ್ ಶುರು. ಪಾಸ್ಟರ್ ಕೊಡುವ ಉಪದೇಶ, ಅಂದರೆ ಪ್ರಸಂಗ, ಅರ್ಧ ಗಂಟೆ ಮೀರುತ್ತಿರಲಿಲ್ಲ. ಮುಂದಿನ ಆರಾಧನೆಗೆ ಬರುವವರಿಗೆ ಪಾರ್ಕಿಂಗ್ ಖಾಲಿಯಾಗಬೇಕಲ್ವಾ! ಯಾರೂ ನನ್ನಿಂದ ಏನೂ ಕೇಳಲಿಲ್ಲ. ಆಗ ಅದೇ ದೊಡ್ಡ ಗುಣ ಅನ್ನಿಸಿತ್ತು.

ಪ್ರಸಂಗಗಳು ಸರಣಿಯಾಗಿ ಬರುತ್ತಿದ್ದವು. ಒತ್ತಡ ಗೆಲ್ಲುವುದು, ಸಂಸಾರ ಸರಿಮಾಡಿಕೊಳ್ಳುವುದು, ಕನಸು ನನಸಾಗುವುದು. ಒಂದೊಂದಕ್ಕೂ ಪೋಸ್ಟರ್, ಸಿನಿಮಾದ ಹಾಗೆ ಟ್ರೇಲರ್. ಪ್ರತಿ ಪ್ರಸಂಗಕ್ಕೂ ಬೈಬಲ್‌ನ ಒಂದು ವಚನ. ಒಂದೇ. ಅದರ ಹಿಂದಿನದನ್ನೂ ಓದುತ್ತಿರಲಿಲ್ಲ, ಮುಂದಿನದನ್ನೂ ಓದುತ್ತಿರಲಿಲ್ಲ. ಪಾಪ, ಶಿಲುಬೆ, ಪಶ್ಚಾತ್ತಾಪ ಅನ್ನುವ ಮಾತುಗಳು ಹಾಡಿನಲ್ಲಿ ಬಂದರೆ ಬಂತು. ಬೈಬಲ್‌ನಲ್ಲಿ ನೋವು, ದುಃಖದ ಮಾತಿರುವ ಯೋಬನ ಪುಸ್ತಕ, ಪ್ರಲಾಪಗಳು ಇವನ್ನು ಏಳು ವರ್ಷದಲ್ಲಿ ಒಮ್ಮೆಯೂ ತೆರೆಯಲಿಲ್ಲ.

ಅಲ್ಲಿನ ಅಂಗಡಿಯಲ್ಲಿ ಒಂದು ಬಿಳಿ ಮಗ್ ಕೊಂಡಿದ್ದೆ. ಅದರ ಮೇಲೆ ಯೆರೆಮೀಯ 29:11, ಅಂದರೆ ಯೆರೆಮೀಯ ಪ್ರವಾದಿಯ ಪುಸ್ತಕದ 29ನೇ ಅಧ್ಯಾಯ, 11ನೇ ವಚನ. ದೇವರು ನಿಮ್ಮ ಬಗ್ಗೆ ಮಾಡಿರುವ ಯೋಚನೆ ಕೇಡಿಗಲ್ಲ, ಹಿತಕ್ಕೆ. ಮುಂದೆ ನಿರೀಕ್ಷೆ ಇದೆ ಅನ್ನುವ ಮಾತು. ಪಾಸ್ಟರ್ ಇದನ್ನು ಬಡ್ತಿಗೂ ಹೇಳುತ್ತಿದ್ದರು, ಹೊಸ ಮನೆಗೂ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಆಮೇಲೆ ಅಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಮಾತು ಪೂರ್ತಿ ನಿಂತುಹೋಯಿತು. ಚರ್ಚ್ ಆಫೀಸಿಗೆ ಫೋನ್ ಮಾಡಿದೆ. ಆ್ಯಪ್‌ನಲ್ಲಿ ಪ್ರಾರ್ಥನೆ ವಿನಂತಿ ಹಾಕಿ ಅಂದರು. ಹಾಕಿದೆ. ಕೆಲಸ, ಮದುವೆ, ಆರೋಗ್ಯ, ಇತರೆ ಅಂತ ನಾಲ್ಕು ಆಯ್ಕೆ. ಆರೋಗ್ಯ ಒತ್ತಿದ ತಕ್ಷಣ ಉತ್ತರ ಬಂತು: ನಾವು ನಿಮಗಾಗಿ ಪ್ರಾರ್ಥಿಸಿದ್ದೇವೆ. ಒತ್ತಿ ಇನ್ನೂ ಬೆರಳು ತೆಗೆದಿರಲಿಲ್ಲ! ಪಾಸ್ಟರ್ ಬರಲಿಲ್ಲ. ಬರುತ್ತಾರೆ ಅಂತ ಕಾದದ್ದೂ ನನ್ನ ತಪ್ಪೇ ಇರಬೇಕು. ಅಷ್ಟು ವರ್ಷದಲ್ಲಿ ಅವರನ್ನು ಪರದೆಯ ಮೇಲೆ ಬಿಟ್ಟು ಹತ್ತಿರದಿಂದ ನೋಡಿರಲಿಲ್ಲ. ಚರ್ಚ್‌ನ ಸಣ್ಣ ಪ್ರಾರ್ಥನಾ ಗುಂಪಿನ ಅಕ್ಕ ಒಬ್ಬರು ಬಂದರು. ಒಳ್ಳೆಯವರು. ಆದರೆ ಅವರಿಗೂ ಕಲಿಸಿದ್ದು ಅಷ್ಟೇ. "ಸಾವಿನ ಮಾತು ಬಾಯಲ್ಲಿ ಬರಬಾರದು, ವಚನ ಹಿಡಿದುಕೊಳ್ಳಮ್ಮ" ಅಂದರು.

ಹಿಡಿದುಕೊಂಡೆ. ಅಪ್ಪನ ಪಕ್ಕ ಕೂತು, ನಿದ್ದೆ ಬರದೆ, ಆ 29ನೇ ಅಧ್ಯಾಯವನ್ನು ಮೊದಲಿನಿಂದ ಓದಿದೆ. ಅದೊಂದು ಪತ್ರ. ಊರು ಬಿಟ್ಟು ಬಾಬೆಲಿಗೆ (ಬ್ಯಾಬಿಲೋನ್) ಸೆರೆ ಹೋದ ಯೆಹೂದ್ಯರಿಗೆ ಯೆರೆಮೀಯ ಬರೆದದ್ದು. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ ಅನ್ನುತ್ತದೆ. ಹತ್ತನೇ ವಚನದಲ್ಲಿ 70 ವರ್ಷ ಕಳೆದ ಮೇಲೆ ಬಿಡುಗಡೆ ಅಂತಿದೆ. ಅಂದರೆ ಪತ್ರ ಓದಿದ ಬಹಳ ಮಂದಿ ಊರಿನ ಮುಖ ನೋಡದೆ ಸಾಯುವವರು! ಮಗ್‌ನಲ್ಲಿ ಹತ್ತನೇ ವಚನಕ್ಕೆ ಜಾಗ ಇರಲಿಲ್ಲ. ಹಿಂದಿನ ಅಧ್ಯಾಯಕ್ಕೆ ಹೋದರೆ ಹನನ್ಯ ಅಂತ ಒಬ್ಬ ಪ್ರವಾದಿ. ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ಜನರಿಗೆ ಹೇಳಿದವನು. ಯೆರೆಮೀಯ ಅವನನ್ನು ಸುಳ್ಳುಗಾರ ಅಂದ. ನಮ್ಮ ವೇದಿಕೆಯ ಮೇಲೆ ಏಳು ವರ್ಷ ನಡೆದದ್ದು ಹನನ್ಯನ ಪ್ರಸಂಗ, ಯೆರೆಮೀಯನ ಹೆಸರಲ್ಲಿ. ಆ ರಾತ್ರಿ ಅಪ್ಪನಿಗಿಂತ ಜಾಸ್ತಿ ನನಗೇ ಅಳು ಬಂತು.

ಇದು ನನ್ನೊಬ್ಬಳ ಕೊರಗು ಅಂದುಕೊಳ್ಳಬೇಡಿ. ಈ ಅಚ್ಚನ್ನು ಊರೂರಿಗೆ ಹರಡಿದ ಚರ್ಚ್‌ಗಳಲ್ಲಿ ಅಮೆರಿಕದ ವಿಲ್ಲೋ ಕ್ರೀಕ್ ಮುಖ್ಯವಾದದ್ದು. 1975ರಲ್ಲಿ ಶುರುವಾಯಿತು. ಅದರ ಸ್ಥಾಪಕ ಬಿಲ್ ಹೈಬೆಲ್ಸ್ ಮನೆಮನೆಗೆ ಹೋಗಿ, ಚರ್ಚ್‌ಗೆ ಯಾಕೆ ಬರುವುದಿಲ್ಲ ಅಂತ ಕೇಳಿ, ಜನ ಬೇಡ ಅಂದದ್ದನ್ನು ತೆಗೆದು ಚರ್ಚ್ ಕಟ್ಟಿದರು. ಗಿರಾಕಿ ಕೇಳಿದ್ದನ್ನು ಅಂಗಡಿಯವನು ಇಡುವ ಹಾಗೆ. ಕೊನೆಗೆ ತಮ್ಮದೇ ಸಭೆಯಲ್ಲಿ ಸಮೀಕ್ಷೆ ಮಾಡಿಸಿ, 2007ರಲ್ಲಿ ಅವರೇ ಒಪ್ಪಿಕೊಂಡರು: ಕಾರ್ಯಕ್ರಮಗಳಿಗೆ ಜಾಸ್ತಿ ಬಂದ ಮಾತ್ರಕ್ಕೆ ಜನ ಭಕ್ತಿಯಲ್ಲಿ ಬೆಳೆಯಲಿಲ್ಲ, ತಾವೇ ಬೈಬಲ್ ಓದುವುದನ್ನು ಅವರಿಗೆ ಕಲಿಸಬೇಕಿತ್ತು ಅಂತ. ಅಷ್ಟರಲ್ಲಿ ಎಷ್ಟೋ ಚರ್ಚ್‌ಗಳು ಅದೇ ದಾರಿ ಹಿಡಿದಾಗಿತ್ತು.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಹೊಸಬರಿಂದ ಏನೂ ಕೇಳದವರು ಎರಡನೇ ವರ್ಷಕ್ಕೆ ಮಲಾಕಿ 3:10 ತೆಗೆಯುತ್ತಾರೆ. ದಶಮಾಂಶ, ಅಂದರೆ ಆದಾಯದ ಹತ್ತರಲ್ಲಿ ಒಂದು ಪಾಲು, ಕೊಟ್ಟು ದೇವರನ್ನೇ ಪರೀಕ್ಷಿಸಿ ಅನ್ನುವ ವಚನ. ಕೊಟ್ಟೆ. ಖರ್ಚಿನ ಲೆಕ್ಕ ಕೇಳಿ ಮೂರು ಸಲ ಮೇಲ್ ಬರೆದೆ. ಕೊನೆಗೆ ಬಂದ ಉತ್ತರ, ಹಣ ನಿರ್ವಹಣೆ ಬಗ್ಗೆ ಹೊಸ ಸರಣಿ ಮುಂದಿನ ವಾರ ಶುರು, ತಪ್ಪದೆ ಬನ್ನಿ! ಅಮೆರಿಕದಲ್ಲಂತೂ ಚರ್ಚ್‌ಗಳಿಗೆ ಕಾನೂನಿನ ರಿಯಾಯಿತಿಯೇ ಇದೆ. ಬೇರೆ ದತ್ತಿ ಸಂಸ್ಥೆಗಳಲ್ಲಿ ಹೆಚ್ಚಿನವು ಪ್ರತಿ ವರ್ಷ ತುಂಬುವ ಹಣಕಾಸಿನ ವರದಿ, ಫಾರ್ಮ್ 990, ಚರ್ಚ್‌ಗಳಿಗೆ ಕಡ್ಡಾಯವಲ್ಲ.

ಸೇರುವವರಿದ್ದರೆ ಸುಮ್ನೆ ಒಂದು ತಿಂಗಳು ಹಿಂದಿನ ಸಾಲಿನಲ್ಲಿ ಕೂತು ಗಮನಿಸಿ. ವಚನ ಹೇಳಿದಾಗ ಪುಸ್ತಕ ತೆರೆದು ಹಿಂದೆ ಮುಂದೆ ಓದಿ. ಎರಡು ವಾರ ತಪ್ಪಿಸಿ, ಫೋನ್ ಬರುತ್ತದೋ ನೋಟಿಫಿಕೇಶನ್ ಬರುತ್ತದೋ ನೋಡಿ. ವರ್ಷದ ಲೆಕ್ಕ ಎಲ್ಲಿ ಸಿಗುತ್ತದೆ ಅಂತ ಕೇಳಿ. ಯಾರಾದರೂ ತೀರಿಕೊಂಡರೆ ಮಣ್ಣಿಗೆ ಯಾರು ಬರುತ್ತಾರೆ, ಅದನ್ನೂ ಕೇಳಿ.

ನಮ್ಮ ಅಪ್ಪನ ಮಣ್ಣಿಗೆ ಆ ಚರ್ಚ್‌ನಿಂದ ಒಬ್ಬರು ಬಂದರು. ಮೊದಲ ದಿನ ಪಾರ್ಕಿಂಗ್‌ನಲ್ಲಿ ಕೈಬೀಸಿದ ಅದೇ ಸ್ವಯಂಸೇವಕರು, ಕೆಲಸಕ್ಕೆ ರಜೆ ಹಾಕಿ.