ಸನ್ಮಾನದ ಫಲಕ: ಮರಗೆಲಸ ಚೆಂದ, ಕಾಗುಣಿತ ಕಷ್ಟ

ನಮ್ಮ ಪಕ್ಷದ ರಾಜ್ಯ ಮಹಿಳಾ ಘಟಕ ಕೊಡಗಿನ 12 ಕಾರ್ಯಕರ್ತೆಯರನ್ನು ಸನ್ಮಾನಿಸಿತು. ತೋಟದ ಕೆಲಸ ಮುಗಿಸಿ ಮನೆಮನೆಗೆ ಚೀಟಿ ಹಂಚಿದವರು. ಫಲಕದ ಜವಾಬ್ದಾರಿ ನನ್ನ ತಲೆಗೆ ಬಂತು. ಮಡಿಕೇರಿಯ ಒಂದು ಅಂಗಡಿಗೆ ಕೊಟ್ಟೆ, ಒಂದಕ್ಕೆ 450 ರೂಪಾಯಿ. ಬೀಟೆ ಬಣ್ಣದ ಮರ, ಮೇಲೆ ಹಿತ್ತಾಳೆ ತಗಡು. ಅಂಚು ಸವರಿದರೆ ಬೆರಳು ಎಲ್ಲೂ ತಡೆಯಲಿಲ್ಲ. ಆದರೆ ಮೂರರಲ್ಲಿ ‘ಕಾರ್ಯಕರ್ತೆ’ ಹೋಗಿ ‘ಕಾರ್ಯಕರ್ತ’ ಆಗಿತ್ತು! ಪಂಚಾಯಿತಿಯಲ್ಲಿ ಅರ್ಧ ಸೀಟು ಹೆಂಗಸರಿಗಿರುವ ರಾಜ್ಯ ಇದು, ಒಂದು ಎತ್ವಕ್ಕೆ ಜಿಪುಣತನವಾ?

ಅಂಗಡಿಯವರು ವಾದ ಮಾಡಲಿಲ್ಲ. ಕರೆಂಟು ಎರಡು ಸಲ ಹೋದರೂ ರಾತ್ರಿಯೇ ಹೊಸ ತಗಡು ಕೊರೆದುಕೊಟ್ಟರು, ಜಾಸ್ತಿ ಕಾಸು ಕೇಳಲಿಲ್ಲ. ಪ್ಯಾಕಿಂಗ್ ಮಾತ್ರ ಸಾಲದು. ಹಳೇ ಪೇಪರ್ ಮಳೆಗೆ ಒದ್ದೆಯಾಗಿ ಅಂಟಿಕೊಂಡಿತ್ತು. ವಿರಾಜಪೇಟೆ ಕಡೆಗೆ ಬಸ್ಸಲ್ಲಿ ಒಯ್ಯುವವರು ಗಟ್ಟಿ ಚೀಲ ತನ್ನಿ.