ನೆಟ್‌ಹ್ಯಾಕ್: ಹಿಡಿದರೆ ಬಿಡದವರ ಜೊತೆ 15 ವರ್ಷ

2010ರಲ್ಲಿ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುವಾಗ ರೂಮಿನ ಗೆಳೆಯನೊಬ್ಬ ಪೆನ್‌ಡ್ರೈವಿನಲ್ಲಿ ಈ ಆಟ ಹಾಕಿಕೊಟ್ಟಿದ್ದ. ಆಗ ಇದ್ದದ್ದು 3.4.3 ಆವೃತ್ತಿ, 2003ರದ್ದು. ಈಗ ಬೆಟಗೇರಿಯ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರಿನಲ್ಲಿ 3.6.6 ಇದೆ. ಲಗ್ನಪತ್ರಿಕೆಯ ಸೀಸನ್ ಮುಗಿದ ಮೇಲೆ, ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ, ಇವತ್ತಿಗೂ ಕೈ ಅದರ ಕಡೆಗೇ ಹೋಗುತ್ತದೆ. ಇಷ್ಟು ವರ್ಷದಲ್ಲಿ ಒಂದು ಪೈಸೆ ಕೊಟ್ಟಿಲ್ಲ, ಯಾರೂ ಕೇಳಿಯೂ ಇಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. 1987ರಲ್ಲಿ ಮೊದಲು ಬಿಡುಗಡೆಯಾದ ಆಟ. ಮೂಲ ರೂಪದಲ್ಲಿ ಚಿತ್ರ ಇಲ್ಲ, ಕೀಬೋರ್ಡಿನ ಅಕ್ಷರ ಮತ್ತು ಗುರುತುಗಳೇ ಎಲ್ಲ. ಅಟ್ ಗುರುತು ಅಂದರೆ ನೀವು, ಸಣ್ಣ ಡಿ ಅಂದರೆ ನಾಯಿ ಜಾತಿ. 13 ಬಗೆಯ ಪಾತ್ರಗಳಲ್ಲಿ ಒಂದನ್ನು ಆರಿಸಿಕೊಂಡು ನೆಲಮಾಳಿಗೆಯ ತಳಕ್ಕಿಳಿದು ಯೆಂಡೋರ್‌ನ ತಾಯಿತ ತರಬೇಕು. ಸತ್ತರೆ ಸತ್ತಂತೆ, ಮೊದಲಿನಿಂದ ಶುರು. ಇದರ ಉಳಿದ ಗುಣಗಳ ಬಗ್ಗೆ ಬರೆದವರು ಬಹಳ ಜನ ಇದ್ದಾರೆ. ನಾನು ಬರೆಯಬೇಕೆಂದು ಕೂತದ್ದು ಒಂದೇ ವಿಷಯಕ್ಕೆ: ಕಾದಾಟದಿಂದ ಓಡಿಹೋಗಲು ಬಿಡದ ಶತ್ರುಗಳು. ನನ್ನನ್ನು ಈ ಆಟಕ್ಕೆ ಕಟ್ಟಿಹಾಕಿದವರು ಅವರೇ.

ಹೈಸ್ಕೂಲಿನಿಂದ ಕಾಲೇಜಿನವರೆಗೆ ನಾನು ಕಬಡ್ಡಿ ಆಡಿದವನು, ಅದೂ ರೈಡರ್. ಎದುರಿನವರ ಅಂಗಳಕ್ಕೆ ಹೋಗುವುದು ದೊಡ್ಡ ಮಾತಲ್ಲ, ತಿರುಗಿ ಬರುವುದೇ ಆಟ. ಕಣಕಾಲು ಯಾರದಾದರೂ ಕೈಗೆ ಸಿಕ್ಕ ಕ್ಷಣ ಮೈಯೊಳಗೆ ಏನಾಗುತ್ತದೆ ಅನ್ನುವುದು ಆಡಿದವರಿಗೆ ಗೊತ್ತು. ನಮ್ಮ ಪಿಟಿ ಮಾಸ್ತರರು ಹೇಳುತ್ತಿದ್ದರು: "ಹಿಡದಾವನ್ನ ನೋಡಬ್ಯಾಡ, ಗೆರಿ ನೋಡು." ಆ ಮಾತು ಪರದೆಯ ಮೇಲಿನ ಅಕ್ಷರಗಳ ಆಟದಲ್ಲಿ ಮತ್ತೆ ಕೆಲಸಕ್ಕೆ ಬರುತ್ತದೆಂದು ಅಂದುಕೊಂಡಿರಲಿಲ್ಲ.

ಹೊಸಬರಿಗೆ ಮೊದಲು ಎದುರಾಗುವುದು ಲೈಕನ್, ದೊಡ್ಡ ಎಫ್ ಅಕ್ಷರ. ನಮ್ಮ ಮನೆಗಳಲ್ಲಿ ಮಸಾಲೆಗೆ ಹಾಕುವ ಕಲ್ಲುಹೂವು ಇದೆಯಲ್ಲ, ಅದೇ ಜಾತಿ. ಅದರ ಜೀವ ಹೆಚ್ಚೆಂದರೆ 4 ಅಂಕ. ಅದು ಮುಟ್ಟಿದರೆ ಒಂದು ಅಂಕವೂ ಕಡಿಮೆಯಾಗುವುದಿಲ್ಲ. ಅಂಟಿಕೊಳ್ಳುತ್ತದೆ, ಅಷ್ಟೇ. ಹಿಂದೆ ಸರಿಯಲು ಹೋದರೆ ಮೇಲೆ ಒಂದು ಸಾಲು ಬರುತ್ತದೆ: "ಯೂ ಕೆನಾಟ್ ಎಸ್ಕೇಪ್ ಫ್ರಮ್ ದ ಲೈಕನ್!" ಮೊದಲ ಸಲ ಅದನ್ನು ಓದಿದಾಗ ಗಾಬರಿಬಿದ್ದು ಹಿಂದಿನ ಕೀಲಿಯನ್ನೇ ಒತ್ತುತ್ತಾ ಕೂತಿದ್ದೆ. ಗೆಳೆಯ ಹಿಂದೆ ನಿಂತು, "ಲೇ, ಬಿಡಿಸ್ಕೊಳ್ಳಾಕ ಯಾಕ ಹೊಂಟಿ? ಹೊಡಿ ಅದನ್ನ" ಅಂದ. ಎರಡು ಏಟಿಗೆ ಸತ್ತಿತು. ಅದರ ಹೆಣ ಎಂದಿಗೂ ಕೊಳೆಯುವುದಿಲ್ಲ. ಬುತ್ತಿಯಂತೆ ಚೀಲದಲ್ಲಿಟ್ಟುಕೊಂಡು ಹಸಿವಾದಾಗ ತಿನ್ನಬಹುದು.

ಒಂಟಿ ಲೈಕನ್ ಲೆಕ್ಕಕ್ಕಿಲ್ಲ. ಆದರೆ ಅದು ಹಿಡಿದುಕೊಂಡಿರುವಾಗ ನಾಲ್ಕು ನರಿಗಳು ಬಂದರೆ? ಅಜ್ಜಿಯ ಊರಿನ ಗುಡಿಯ ಕಟ್ಟೆಯ ಮೇಲೆ ನಾವು ಹುಲಿ-ಕುರಿ ಆಡುತ್ತಿದ್ದೆವು. ಒಂದು ಕುರಿ ಹುಲಿಯ ಬಾಯಿಗೆ ತುತ್ತು. ಒಂದರ ಹಿಂದೆ ಇನ್ನೊಂದು ನಿಂತರೆ ಹುಲಿ ಜಿಗಿಯುವಂತಿಲ್ಲ, ಕೂತಲ್ಲೇ ಸೆರೆ. ಲೈಕನ್ ಕಲಿಸುವುದು ಅದನ್ನೇ. ಯಾರು ಹಿಡಿದರು ಅನ್ನುವುದಕ್ಕಿಂತ, ಹಿಡಿದಾಗ ಸುತ್ತ ಯಾರಿದ್ದಾರೆ ಅನ್ನುವುದು ಮುಖ್ಯ.

ಮುಂದಿನ ಪಾಠ ಮಿಮಿಕ್. ಅಂಗಡಿಯೊಳಗೆ ಮಾರಾಟದ ಸಾಮಾನಿನ ವೇಷದಲ್ಲಿ ಕೂತಿರುತ್ತದೆ. ಕೊಳ್ಳಲು ಹೋಗಿ ಕಾಲಿಟ್ಟಿರೋ, ದೊಡ್ಡ ಜಾತಿಯದಾದರೆ ಅಂಟಿಕೊಂಡಿರಿ. ಜೈಂಟ್ ಮಿಮಿಕ್ ಎರಡು ಪಂಜ ಬೀಸುತ್ತದೆ, ಎರಡೂ ತಾಗಿದರೆ ಒಂದೇ ಸರದಿಗೆ 36 ಅಂಕದವರೆಗೂ ಹೋಗಬಹುದು. ಹೊಸ ಪಾತ್ರದ ಹತ್ತಿರ ಅಷ್ಟು ಜೀವವೇ ಇರುವುದಿಲ್ಲ. ನಾನು ಸತ್ತೆ, ಎಷ್ಟೋ ಸಲ ಸತ್ತೆ. ಅದರ ವೇಗ 3, ನಮ್ಮದು 12 ಎಂದು ತಿಳಿದದ್ದು ಬಹಳ ತಡವಾಗಿ. ಅದು ಒಮ್ಮೆ ಹೊಡೆಯುವಷ್ಟರಲ್ಲಿ ಸರಾಸರಿ ನಾಲ್ಕು ಕೆಲಸ ಮಾಡುವ ಅವಕಾಶ ನಮಗಿರುತ್ತದೆ. ಆ ನಾಲ್ಕನ್ನೂ ನಾನು ಜಗ್ಗಾಡುವುದರಲ್ಲೇ ಕಳೆಯುತ್ತಿದ್ದೆ. ಇದ್ದಲ್ಲಿಂದ ಬೇರೆಡೆಗೆ ಹಾರಿಸುವ ಟೆಲಿಪೋರ್ಟ್ ಸುರುಳಿ ಓದಿದ್ದರೆ ಮುಗಿದಿತ್ತು, ಚೀಲದಲ್ಲಿ ಇತ್ತು ಕೂಡ.

ಜಗ್ಗಿದರೆ ಬಿಡಿಸಿಕೊಳ್ಳುವ ಸಾಧ್ಯತೆ ಎಷ್ಟು ಎಂದು ತಿಳಿಯಲು 2014ರ ಸುಮಾರಿಗೆ ಆಟದ ಮೂಲ ಕೋಡನ್ನೇ ತೆರೆದು ನೋಡಿದೆ. ಎಲ್ಲರಿಗೂ ತೆರೆದಿಟ್ಟದ್ದು ಅದು. 40ರಲ್ಲಿ 3. ಹಿಡಿದ ಪ್ರಾಣಿ ಮಿಸುಕಾಡಲಾಗದ ಸ್ಥಿತಿಯಲ್ಲಿದ್ದರೆ 8ರಲ್ಲಿ 3. ಅಲ್ಲೇ ಪಕ್ಕದಲ್ಲಿ, ಬರೆದವರು ತಮಗೆ ತಾವೇ ಹಾಕಿಕೊಂಡ ಒಂದು ಟಿಪ್ಪಣಿಯಿದೆ: ದೇಹಬಲವನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಬೇಕಿತ್ತು, ಎಂಬರ್ಥದ್ದು. ಅಂದರೆ ಕ್ಯಾಮೆರಾ ನೇತುಹಾಕಿಕೊಂಡು ಬಂದ ಟೂರಿಸ್ಟನಿಗೂ ಗರಡಿಯಲ್ಲಿ ಮೈ ಬೆಳೆಸಿದಂಥ ಬಾರ್ಬೇರಿಯನ್ನನಿಗೂ ಒಂದೇ 40ರಲ್ಲಿ 3!

ಕಬಡ್ಡಿ ಆಡಿದ ನನಗೆ ಇದು ಸರಿಬರಲಿಲ್ಲ, ಇವತ್ತಿಗೂ ಪೂರ್ತಿ ಸರಿಬಂದಿಲ್ಲ. ಲೈಕನ್ ಮತ್ತು ಮಿಮಿಕ್ ವಿಷಯದಲ್ಲಿ ಒಪ್ಪುತ್ತೇನೆ. ಅವುಗಳದು ಅಂಟು. ಹಲಸಿನ ಮೇಣ ಕೈಗೆ ಹತ್ತಿದರೆ ಪೈಲ್ವಾನನೂ ಒಂದೇ, ಹುಡುಗನೂ ಒಂದೇ. ಔಲ್‌ಬೇರ್‌ನದು ಹಾಗಲ್ಲ. ಗೂಬೆ ಮುಖದ ಕರಡಿ ಅದು, ಎರಡೂ ಪಂಜ ತಾಗಿದರೆ ತೆಕ್ಕೆಗೆ ಬಿಗಿದು ಹಿಂಡುತ್ತದೆ. ತೆಕ್ಕೆ ಬಿಡಿಸಿಕೊಳ್ಳುವುದರಲ್ಲಿ ಬಲಕ್ಕೆ ಬೆಲೆ ಇರಲೇಬೇಕು. ಈ ಆಟದಲ್ಲಿ ಒಂದೇ ಒಂದು ಸಾಲು ಬದಲಿಸುವ ಅಧಿಕಾರ ನನಗೆ ಸಿಕ್ಕರೆ ಬದಲಿಸುವುದು ಅದನ್ನೇ.

ಹಾಗಿದ್ದೂ ಹಿಡಿಯುವವರಲ್ಲಿ ನನಗೆ ಅತಿ ಮೆಚ್ಚಿನದು ಔಲ್‌ಬೇರ್. ಹೋದ ಬೇಸಿಗೆ ರಜೆಗೆ ಅಣ್ಣಿಗೇರಿಯಿಂದ ಅಕ್ಕನ ಮಗ ಬಂದಿದ್ದ, 12 ವರ್ಷದವನು. ಸಮುರಾಯ್ ತೆಗೆದುಕೊಂಡು ಎಂಟನೇ ಮಹಡಿಯವರೆಗೆ ಇಳಿದುಬಿಟ್ಟಿದ್ದ. ನಾನು ಪ್ರೂಫ್ ನೋಡುತ್ತಿದ್ದೆ. "ಮಾಮಾ, ಇದು ಬಿಡವಲ್ದು!" ಎಂದು ಕೂಗಿದ. ಹೋಗಿ ನೋಡಿದರೆ ಔಲ್‌ಬೇರ್ ತೆಕ್ಕೆಯಲ್ಲಿದ್ದಾನೆ, 41 ಇದ್ದ ಜೀವ 19ಕ್ಕೆ ಇಳಿದಿದೆ, ಬೆರಳು ಹಿಂದಿನ ಕೀಲಿಯ ಮೇಲೇ ಇದೆ. ಅವನ ಕೈಯನ್ನು ಕೀಬೋರ್ಡಿನಿಂದ ಎತ್ತಿಸಿದೆ.

"ಜಗ್ಗಬ್ಯಾಡ. ನೀ ಕೀಲಿ ಒತ್ತೂಮಟಾ ಅದು ಏನೂ ಮಾಡೂದಿಲ್ಲ. ಚೀಲದಾಗ ಏನೈತಿ ನೋಡು."

ಚೀಲದಲ್ಲಿ ಗುರುತು ಹತ್ತದ ಒಂದು ಮಂತ್ರದಂಡವಿತ್ತು. ಅದರಿಂದ ನೆಲದ ಮೇಲೆ ಬರೆದಾಗ ಹುಳುಗಳು ಅಲ್ಲಾಡುವುದು ನಿಂತಿತೆಂಬ ಸಂದೇಶ ಬಂದಿತ್ತು ಎಂದ. ಹಾಗೆ ಬಂದರೆ ಅದು ನಿದ್ರೆಯ ದಂಡ ಇರಬೇಕು, ಇಲ್ಲವೆ ಸಾವಿನದು. ಎರಡರ ಕಿರಣವೂ ಗೋಡೆಗೆ ಬಡಿದು ತಿರುಗಿ ಬರಬಲ್ಲದು. ಕರಡಿಯ ಬೆನ್ನ ಹಿಂದೆ ಉದ್ದನೆಯ ಕೋಣೆ ಖಾಲಿ ಇತ್ತು. ಬೀಸಿದ. ಕರಡಿ ನಿದ್ದೆಗೆ ಬಿತ್ತು, ತೆಕ್ಕೆಯೂ ಸಡಿಲಾಯಿತು. ಅವನು ನನ್ನ ಮುಖ ನೋಡಿದ. ಈಗ ಓಡಿದರೆ ಓಡಬಹುದು, ಹೊಡೆದರೆ ಅದು ತಿರುಗಿ ಹೊಡೆಯುವುದಿಲ್ಲ, ಯಾವುದು ಬೇಕೋ ನೋಡಿಕೋ ಎಂದು ಹೇಳಿದೆ. ಕತ್ತಿಯ ಆರನೇ ಏಟಿಗೆ ಕರಡಿ ಸತ್ತಿತು. ಹುಡುಗ ಕುರ್ಚಿಯಿಂದ ಎದ್ದು ಅಂಗಡಿಯ ಬಾಗಿಲವರೆಗೆ ಹೋಗಿ ಉಸಿರು ಬಿಟ್ಟು ಬಂದ. ಅಂಗೈ ಬೆವೆತು ಕೀಲಿಗಳೆಲ್ಲ ಒದ್ದೆಯಾಗಿದ್ದವು.

ಕಬಡ್ಡಿಯಲ್ಲಿ 30 ಸೆಕೆಂಡಿನೊಳಗೆ ತಿರುಗಿ ಬರಬೇಕು, ಯೋಚನೆಗೆ ಬಿಡುವಿಲ್ಲ. ಇಲ್ಲಿ ಹಿಡಿತ ಎಷ್ಟೇ ಬಿಗಿಯಾಗಿರಲಿ, ನೀವು ಮುಂದಿನ ಕೀಲಿ ಒತ್ತುವವರೆಗೆ ಲೋಕವೇ ನಿಂತಿರುತ್ತದೆ. ಎದ್ದು ಹೋಗಿ ಚಹಾ ಕುಡಿದು ಬಂದು ಯೋಚಿಸಬಹುದು. ಫೋನಿನಲ್ಲಿ ನಾನು ಆಡಿ ಬಿಟ್ಟ ಒಂದೆರಡು ಆಟಗಳಲ್ಲಿ ಸಿಕ್ಕಿಬಿದ್ದ ತಕ್ಷಣ ದುಡ್ಡು ಕಟ್ಟುವ ಬಟನ್ ಎದುರಿಗೆ ಬರುತ್ತಿತ್ತು. ಸಿಕ್ಕಿಬಿದ್ದವನಿಗೆ ಯೋಚಿಸಲು ಹೊತ್ತು ಕೊಡುವ ಆಟವೇ ನನಗೆ ಮೇಲು.

ದೂರು ಅಂತ ಇದ್ದರೆ ಹಾವುಮೀನಿನ ಮೇಲೆ. ನೀರಿನ ಅಂಚಿನಲ್ಲಿ ನಡೆಯುವಾಗ ಜೈಂಟ್ ಈಲ್ ಬಂದು ಮೈಗೆ ಸುತ್ತಿಕೊಳ್ಳುತ್ತದೆ. ಆಮೇಲೆ ಹತ್ತು ಸರದಿ ಬದುಕಿರಬಹುದು, ಮುಂದಿನ ಸರದಿಯಲ್ಲೇ ನೀರಿಗೆಳೆದು ಮುಳುಗಿಸಲೂಬಹುದು. ಜೀವ 15 ಇರಲಿ, 150 ಇರಲಿ, ಒಂದೇ. ತಿಳಿದವರಿಗೆ ದಾರಿಗಳಿವೆ: ಎಣ್ಣೆಬಟ್ಟೆಯ ಮೇಲಂಗಿ ಹಾಕಿಕೊಂಡರೆ ಅಥವಾ ಮೇಲಂಗಿಗೆ ಗ್ರೀಸ್ ಬಳಿದುಕೊಂಡರೆ ಅದು ಜಾರುತ್ತದೆ. ನೀರೊಳಗೆ ಉಸಿರಾಡಿಸುವ ತಾಯಿತವೂ ಇದೆ. ಆದರೆ ತಿಳಿಯದವನಿಗೆ ಆಟ ಮೊದಲೇ ಒಂದು ಸುಳಿವನ್ನೂ ಕೊಡುವುದಿಲ್ಲ. ಲೈಕನ್ ಎಷ್ಟು ಮೆಲ್ಲಗೆ ಕಲಿಸಿತ್ತು! ನೀರಿನಲ್ಲೂ ಬರೀ ಸುತ್ತಿಕೊಂಡು ಬಿಡುವ ಒಂದು ಮರಿಮೀನು ಮೇಲಿನ ಮಹಡಿಗಳಲ್ಲಿ ಇದ್ದಿದ್ದರೆ ಸಾಕಿತ್ತು. 2016ರಲ್ಲಿ ಮೂರು ವಾರ ಆಡಿದ ಪಾತ್ರವೊಂದು ಕೋಟೆಯ ಕಂದಕದ ಅಂಚಿನಲ್ಲಿ ಹೀಗೆಯೇ ಹೋಯಿತು. ಆಮೇಲೆ ಎರಡು ತಿಂಗಳು ಆಟವನ್ನೇ ತೆರೆಯಲಿಲ್ಲ.

ಕೊಳ್ಳುವ ಪ್ರಶ್ನೆಯೇ ಇಲ್ಲದ್ದರಿಂದ ಆಡಿ ನೋಡಿ ಅನ್ನಲು ಅಡ್ಡಿಯಿಲ್ಲ. ಹಳೆಯ ಯಾವ ಕಂಪ್ಯೂಟರಿನಲ್ಲೂ ಓಡುತ್ತದೆ. ಫೋನಿಗೂ ಸಿಗುತ್ತದೆ, ಕೀಬೋರ್ಡ್ ಇಲ್ಲದೆ ನನಗೆ ಒಗ್ಗಲಿಲ್ಲ. ಇಂಗ್ಲಿಷ್ ಓದಲು ಬೇಸರವಿಲ್ಲದ, ಹತ್ತು ಸಲ ಸತ್ತರೂ ಹನ್ನೊಂದನೇ ಸಲ ಕೂರುವ ತಾಳ್ಮೆ ಇದ್ದವರಿಗೆ ಒಗ್ಗುತ್ತದೆ. ಶುರುವಿಗೆ ವಾಲ್ಕಿರಿ ತೆಗೆದುಕೊಳ್ಳಿ, ಗಟ್ಟಿ ಹೆಣ್ಣುಮಗಳು.

ಸದ್ಯ ನನ್ನ ವಾಲ್ಕಿರಿ ಮೆಡುಸಾಳ ದ್ವೀಪದ ಮೇಲಿನ ಮಹಡಿಯಲ್ಲಿ ನಿಂತಿದ್ದಾಳೆ. ಕೆಳಗಿಳಿದರೆ ಸುತ್ತಲೂ ನೀರು, ಅಲ್ಲಿ ಟೆಲಿಪೋರ್ಟ್ ನಡೆಯುವುದಿಲ್ಲ. ಎಣ್ಣೆಬಟ್ಟೆಯ ಮೇಲಂಗಿ ಈ ಸಲ ಸಿಕ್ಕಿಲ್ಲ. ಗ್ರೀಸಿನ ಡಬ್ಬಿ ಇದೆ, ಅದರೊಳಗೆ ಎಷ್ಟು ಉಳಿದಿದೆ ಗೊತ್ತಿಲ್ಲ. ನಾಲ್ಕು ದಿನದಿಂದ ಮೆಟ್ಟಿಲ ಮೇಲೆಯೇ ನಿಲ್ಲಿಸಿಟ್ಟಿದ್ದೇನೆ.