ಜರ್ಮನಿ ಎಂ.ಎಸ್. ‘ಉಚಿತ ವೆಬಿನಾರ್’ ಲಿಂಕ್ ಬಂದಿದ್ದರೆ ಮೊದಲು ಇದನ್ನು ಓದಿ

ವೆಬಿನಾರ್ ಉಚಿತವೇ. ಅದರಲ್ಲಿ ಸುಳ್ಳಿಲ್ಲ. ಅದಾದ ಮೇಲೆ ನನ್ನಿಂದ ಹೋದದ್ದು 53,100 ರೂಪಾಯಿ ಮತ್ತು ಒಂದು ಇಡೀ ವರ್ಷ. ದುಡ್ಡನ್ನು ಹೇಗೋ ದುಡಿದುಕೊಳ್ಳಬಹುದು. ಹೋದ ವರ್ಷವನ್ನು ಯಾರು ಕೊಡುತ್ತಾರೆ?

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಎರಡು ವಾರ ಸುಮ್ನೆ ಇದ್ದೆ. ಆದರೆ ಮೊನ್ನೆ ನಮ್ಮ ಕಾಲೇಜಿನ ಗ್ರೂಪ್‌ನಲ್ಲಿ ಅದೇ ಲಿಂಕ್ ಮತ್ತೆ ಬಂತು. ಇಬ್ಬರು ಜೂನಿಯರ್‌ಗಳು ‘ರಿಜಿಸ್ಟರ್ ಆದೆ’ ಎಂದು ಹಾಕಿದರು. ಇನ್ನು ಸುಮ್ಮನಿರೋದು ತಪ್ಪು ಅನ್ನಿಸಿತು.

ನಾನು ಮೆಕ್ಯಾನಿಕಲ್ ಓದಿದವನು. ಊರು ತರೀಕೆರೆ ಹತ್ತಿರ. ಮೂರು ವರ್ಷದಿಂದ ಪೀಣ್ಯದ ಒಂದು ಚಿಕ್ಕ ಕಂಪನಿಯಲ್ಲಿ ಡಿಸೈನ್ ಕೆಲಸ. ಜರ್ಮನಿಯಲ್ಲಿ ಮಾಸ್ಟರ್ಸ್ ಮಾಡಬೇಕು ಎಂಬ ಆಸೆ ಯಾಕೆ ಬಂತು ಅಂತ ಹೇಳಬೇಕಾಗಿಲ್ಲ. ಅಲ್ಲಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಟ್ಯೂಷನ್ ಫೀ ಇಲ್ಲ. ಅಮೆರಿಕಕ್ಕೆ ಹೋಗುವಷ್ಟು ಸಾಲ ಮಾಡುವ ಶಕ್ತಿ ನಮ್ಮ ಮನೆಗಿಲ್ಲ. ಅಷ್ಟೇ.

ಏಪ್ರಿಲ್‌ನಲ್ಲಿ ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ನೋಡಿದೆ. ‘ಜರ್ಮನಿಯಲ್ಲಿ ಉಚಿತ ಮಾಸ್ಟರ್ಸ್, ಲೈವ್ ವೆಬಿನಾರ್, ಭಾನುವಾರ 11 ಗಂಟೆ.’ ಸೇರಿಕೊಂಡೆ. ಪರದೆಯ ಮೂಲೆಯಲ್ಲಿ ‘412 ಜನ ನೋಡುತ್ತಿದ್ದಾರೆ’ ಎಂದಿತ್ತು. ಮಾತಾಡುತ್ತಿದ್ದವನು ನಮ್ಮ ವಯಸ್ಸಿನವನೇ. ನೀಲಿ ಅಂಗಿ, ಹಿಂದೆ ಒಂದು ಪುಸ್ತಕದ ಕಪಾಟು. ಚೆನ್ನಾಗಿಯೇ ಮಾತಾಡಿದ. ಬ್ಲಾಕ್ಡ್ ಅಕೌಂಟ್ (ಅಲ್ಲಿನ ಖರ್ಚಿಗೆ ಮೊದಲೇ ಹಣ ಇಟ್ಟು, ತಿಂಗಳು ತಿಂಗಳು ಇಷ್ಟೇ ಎಂದು ತೆಗೆಯುವ ಖಾತೆ) ಅಂದರೆ ಏನು, ಅದರಲ್ಲಿ ವರ್ಷಕ್ಕೆ 11,904 ಯೂರೋ ಯಾಕೆ ತೋರಿಸಬೇಕು, ಎಪಿಎಸ್ ಸರ್ಟಿಫಿಕೇಟ್ (ನಮ್ಮ ಅಂಕಪಟ್ಟಿ, ಪದವಿ ಅಸಲಿ ಎಂದು ಜರ್ಮನಿ ಕಡೆಯವರು ಪರಿಶೀಲಿಸಿ ಕೊಡುವ ಪತ್ರ) ಯಾಕೆ ಬೇಕು, ಎಲ್ಲ ಹೇಳಿದ. ನಡುವೆ ಅವನ ಮನೆಯ ಕುಕ್ಕರ್ ಕೂಗಿತು. ಮೂರು ಸಲ. ‘ಸಾರಿ ಫ್ರೆಂಡ್ಸ್, ಅಮ್ಮ ಅಡುಗೆ ಮಾಡ್ತಿದ್ದಾರೆ’ ಎಂದು ನಕ್ಕ. ನಿಜ ಹೇಳ್ತೀನಿ, ನನಗೆ ಅವನ ಮೇಲೆ ನಂಬಿಕೆ ಬಂದದ್ದೇ ಆ ಕ್ಷಣದಲ್ಲಿ. ನಮ್ಮಂಥ ಮನೆಯ ಹುಡುಗ ಅನ್ನಿಸಿತು.

ಒಂದು ಸ್ಲೈಡ್‌ನಲ್ಲಿ ‘ಜೀರೋ ಫೀ’ ಎಂದು ದೊಡ್ಡದಾಗಿ ಬರೆದು, ಕೆಳಗೆ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಮತ್ತು ಸ್ಟುಟ್‌ಗಾರ್ಟ್‌ನ ಫೋಟೋ ಹಾಕಿದ್ದರು. ಆಮೇಲೆ ತಿಳಿದದ್ದು: ಸ್ಟುಟ್‌ಗಾರ್ಟ್ ಇರುವ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥ ಹೊರಗಿನವರಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಫೀ ಇದೆ. ಮ್ಯೂನಿಕ್‌ನವರೂ 2024ರಿಂದ ಫೀ ತೆಗೆದುಕೊಳ್ಳುತ್ತಿದ್ದಾರೆ. ತೋರಿಸಿದ ಎರಡರಲ್ಲೂ ಜೀರೋ ಇಲ್ಲ! ಇದನ್ನು ಅವತ್ತೇ ಐದು ನಿಮಿಷ ಹುಡುಕಿದ್ದರೆ ಗೊತ್ತಾಗುತ್ತಿತ್ತು. ಹುಡುಕಲಿಲ್ಲ.

ಕೊನೆಯ ಹದಿನೈದು ನಿಮಿಷದಲ್ಲಿ ಆಟ ಶುರುವಾಯಿತು. 50 ಸೀಟು ಮಾತ್ರ. ಮಾಮೂಲಿ ಫೀ 90,000, ಇವತ್ತು ರಾತ್ರಿ 12ರ ಒಳಗೆ ಕಟ್ಟಿದರೆ 45,000. ಅಡ್ಮಿಷನ್ ಸಿಗದಿದ್ದರೆ ಪೂರ್ತಿ ದುಡ್ಡು ವಾಪಸ್. ಪಕ್ಕದಲ್ಲಿ ಚಾಟ್ ಓಡುತ್ತಿತ್ತು. ‘ಈಗಷ್ಟೇ ಕಟ್ಟಿದೆ’, ‘ನಾನೂ ಕಟ್ಟಿದೆ, ಥ್ಯಾಂಕ್ಯೂ ಸರ್’. 19 ಸೀಟು ಉಳಿದಿದೆ. 14 ಉಳಿದಿದೆ. 9. ನನ್ನ ಕೈ ಬೆವರಿತ್ತು. ‘ಪಬ್ಲಿಕ್ ಯೂನಿವರ್ಸಿಟಿಗೆ ಅರ್ಜಿ ಹಾಕ್ತೀರಾ?’ ಎಂದು ಕೇಳಿದೆ. ‘ಒಳ್ಳೆಯ ಪ್ರಶ್ನೆ! ನಮ್ಮ ಕೌನ್ಸೆಲರ್ ಕರೆ ಮಾಡುತ್ತಾರೆ’ ಎಂಬ ಉತ್ತರ ಬಂತು.

ಹತ್ತೇ ನಿಮಿಷಕ್ಕೆ ಕರೆ ಬಂತು. ಆ ಕಡೆಯ ಹೆಂಗಸು ಅಚ್ಚ ಕನ್ನಡದಲ್ಲಿ ಮಾತಾಡಿದರು. ‘ತರೀಕೆರೆನಾ? ಅಯ್ಯೋ, ನಮ್ಮ ಚಿಕ್ಕಮ್ಮನ ಮನೆ ಕಡೂರು!’ ಎಂದರು. ಊಟ ಆಯ್ತಾ ಅಂತ ಕೇಳಿದರು. ನನ್ನ ಸಿಜಿಪಿಎ 7.4 ಎಂದೆ. ‘ಜರ್ಮನ್ ಗ್ರೇಡ್‌ಗೆ ಬದಲಿಸಿದರೆ 3ರ ಮೇಲೆ ಹೋಗುತ್ತೆ, ಪಬ್ಲಿಕ್ ಸ್ವಲ್ಪ ಕಷ್ಟ. ಆದರೂ ಐದು ಕಡೆ ಪಬ್ಲಿಕ್‌ಗೆ ಹಾಕೇ ಹಾಕ್ತೀವಿ. ನೀವು ನಮ್ಮವರು, ನಾನಿದ್ದೀನಲ್ಲ’ ಎಂದರು.

ಈ 3ರ ಲೆಕ್ಕ ಹಸಿ ಸುಳ್ಳು. ಜರ್ಮನ್ ಪದ್ಧತಿಯಲ್ಲಿ 1 ಅತಿ ಒಳ್ಳೆಯದು, 4 ಬರೀ ಪಾಸ್. ಬದಲಿಸುವ ಸೂತ್ರ ಎಲ್ಲರಿಗೂ ಸಿಗುತ್ತದೆ. ಗರಿಷ್ಠ ಅಂಕದಿಂದ ನಿಮ್ಮ ಅಂಕ ಕಳೆಯಿರಿ. ಅದನ್ನು ಗರಿಷ್ಠ ಮತ್ತು ಕನಿಷ್ಠ ಪಾಸ್ ಅಂಕದ ವ್ಯತ್ಯಾಸದಿಂದ ಭಾಗಿಸಿ. ಮೂರರಿಂದ ಗುಣಿಸಿ, ಒಂದು ಸೇರಿಸಿ. ಗರಿಷ್ಠ 10, ಕನಿಷ್ಠ 5 ಎಂದು ಇಟ್ಟರೆ ನನ್ನ 7.4ಕ್ಕೆ 2.56 ಬರುತ್ತದೆ. 2.56ಕ್ಕೂ 3ಕ್ಕೂ ಎಷ್ಟು ವ್ಯತ್ಯಾಸ ಅಂತ ಅರ್ಜಿ ಹಾಕಿದವರಿಗೆ ಗೊತ್ತು. ಮೊದಲೇ ನನ್ನ ಧೈರ್ಯ ಕುಗ್ಗಿಸಿದರೆ ಮುಂದೆ ಅವರು ತೋರಿಸಿದ್ದಕ್ಕೆ ಒಪ್ಪುತ್ತೇನೆ, ಅದಕ್ಕೇ ಹಾಗೆ ಹೇಳಿದ್ದು.

ರಾತ್ರಿ 11.40ಕ್ಕೆ ಕಟ್ಟಿದೆ. 45,000, ಮೇಲೆ 18% ಜಿಎಸ್‌ಟಿ. ಒಟ್ಟು 53,100. ಜಿಎಸ್‌ಟಿ ವಿಷಯ ವೆಬಿನಾರ್‌ನಲ್ಲಿ ಬಂದೇ ಇರಲಿಲ್ಲ. ಅದರಲ್ಲಿ 30,000 ಅಮ್ಮ ಸಂಘದಲ್ಲಿ ತೆಗೆದ ಸಾಲ. ಅಮ್ಮ ಈಗಲೂ ವಾರ ವಾರ ಕಂತು ಕಟ್ಟುತ್ತಿದ್ದಾರೆ.

ನಾಲ್ಕೇ ದಿನಕ್ಕೆ ‘ಕಂಗ್ರಾಜುಲೇಷನ್ಸ್’ ಎಂದು ಆಫರ್ ಲೆಟರ್ ಬಂತು. ಬರ್ಲಿನ್‌ನ ಒಂದು ಖಾಸಗಿ ವಿಶ್ವವಿದ್ಯಾಲಯ. ಫೀ ವರ್ಷಕ್ಕೆ 12,000 ಯೂರೋ. ನಾನು ಮೆಕ್ಯಾನಿಕಲ್, ಅವರು ಕೊಟ್ಟದ್ದು ಮ್ಯಾನೇಜ್‌ಮೆಂಟ್ ಕೋರ್ಸ್. ಇದನ್ನು ಯಾರು ಕೇಳಿದ್ದರು? ಫೋನ್ ಮಾಡಿದೆ. ‘ಇದು ಸೇಫ್ಟಿಗೆ ಅಷ್ಟೇ, ಪಬ್ಲಿಕ್‌ದು ಪ್ರೋಸೆಸ್‌ನಲ್ಲಿದೆ’ ಎಂದರು. ಮೇ ಪೂರ್ತಿ ‘ಪ್ರೋಸೆಸ್‌ನಲ್ಲಿದೆ’. ಜೂನ್‌ನಲ್ಲೂ ‘ಪ್ರೋಸೆಸ್‌ನಲ್ಲಿದೆ’. ಎಪಿಎಸ್ ಕೂಡ ‘ನಾವೇ ನೋಡಿಕೊಳ್ತೀವಿ, 28,000 ಆಗುತ್ತೆ, ನೀವೇ ಹಾಕಬೇಡಿ, ರಿಜೆಕ್ಟ್ ಆಗುತ್ತೆ’ ಎಂದಿದ್ದರು. ಎಪಿಎಸ್ ಫೀ ಇರುವುದು 18,000. ಅರ್ಜಿಯನ್ನು ನಾವೇ ಹಾಕಬಹುದು.

ಈಗ ಆ ಭಾನುವಾರದ ವಿಷಯ ಹೇಳ್ತೀನಿ. ಜೂನ್ ಕೊನೆಯ ಭಾನುವಾರ. ನನ್ನ ಸಹೋದ್ಯೋಗಿಯ ತಮ್ಮನಿಗೂ ಅದೇ ಲಿಂಕ್ ಬಂದಿತ್ತು. ‘ಅಣ್ಣ, ಜೊತೆಗೆ ಕೂತು ನೋಡೋಣ’ ಎಂದು ದಾಸರಹಳ್ಳಿಯ ನನ್ನ ರೂಮಿಗೆ ಬಂದ. ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತೆವು. ಅದೇ ಹುಡುಗ. ಅದೇ ನೀಲಿ ಅಂಗಿ. ಇರಲಿ, ಒಂದೇ ಅಂಗಿ ಎರಡು ಸಲ ಹಾಕಬಾರದೇ? ಬ್ಲಾಕ್ಡ್ ಅಕೌಂಟ್ ಸ್ಲೈಡ್ ಬಂತು. ಆಗ ಕುಕ್ಕರ್ ಕೂಗಿತು.

ಒಂದು. ಎರಡು. ಮೂರು.

‘ಸಾರಿ ಫ್ರೆಂಡ್ಸ್, ಅಮ್ಮ ಅಡುಗೆ ಮಾಡ್ತಿದ್ದಾರೆ.’

ನನಗೆ ಕಿವಿ ಬಿಸಿಯಾಯಿತು. ಏಪ್ರಿಲ್‌ನಲ್ಲಿ ಅದೇ ಸ್ಲೈಡ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟಿದ್ದೆ, 11,904 ಎಂಬ ಅಂಕಿ ಮರೆಯಬಾರದು ಅಂತ. ಫೋನ್ ತೆಗೆದು ಲ್ಯಾಪ್‌ಟಾಪ್ ಪಕ್ಕ ಹಿಡಿದೆ. 412 ಜನ ನೋಡುತ್ತಿದ್ದಾರೆ. ಇಲ್ಲೂ 412, ಅಲ್ಲೂ 412. ಚಾಟ್‌ನಲ್ಲಿ ಅದೇ ಐದು ಹೆಸರು, ಅದೇ ಐದು ಸಾಲು, ಒಬ್ಬ ‘ಥ್ಯಾಂಕ್ಯೂ’ದಲ್ಲಿ ಮಾಡಿದ್ದ ಸ್ಪೆಲಿಂಗ್ ತಪ್ಪು ಸಮೇತ. ಅವತ್ತು ನಾನು ಬೆವರಿದ್ದು ಈ ಚಾಟ್ ನೋಡಿ. 19, 14, 9 ಅಂತ ಸೀಟು ಇಳಿದದ್ದು ನೋಡಿ. ಅಲ್ಲಿ ಯಾರೂ ದುಡ್ಡು ಕಟ್ಟಿರಲಿಲ್ಲ. ಯಾರೂ ಇರಲೇ ಇಲ್ಲ. ರೆಕಾರ್ಡ್ ಮಾಡಿದ ವಿಡಿಯೋವನ್ನು ಲೈವ್ ಎಂದು ಓಡಿಸುತ್ತಿದ್ದಾರೆ. ನಾನು ಒಬ್ಬನೇ ಕೂತು, 412 ಜನರ ಜೊತೆ ಪೈಪೋಟಿ ಎಂದು ನಂಬಿ, ಅಮ್ಮನಿಗೆ ಫೋನ್ ಮಾಡಿ ಸಾಲ ಮಾಡಿಸಿದೆ.

ಪಕ್ಕದಲ್ಲಿದ್ದ ಹುಡುಗ ‘ಏನಾಯ್ತು ಅಣ್ಣ?’ ಎಂದ. ಹೇಳೋಕೆ ಬಾಯಿ ಬರಲಿಲ್ಲ.

ಅವತ್ತೇ ಕರೆ ಮಾಡಿದೆ. ಇಲ್ಲಿಂದ ಅವರ ಉತ್ತರಗಳನ್ನು ಗಮನಿಸಿ. ‘ಪಬ್ಲಿಕ್‌ಗೆ ಹಾಕಿದ ಅರ್ಜಿ ತೋರಿಸಿ’ ಎಂದೆ. ಕಡೂರಿನ ಚಿಕ್ಕಮ್ಮನ ಆ ಹೆಂಗಸು ಒಂದೇ ಒಂದು ಕನ್ನಡ ಪದ ಆಡಲಿಲ್ಲ. ಪೂರ್ತಿ ಇಂಗ್ಲಿಷ್. ನಾನು ಕನ್ನಡದಲ್ಲಿ ಕೇಳುತ್ತಿದ್ದೇನೆ, ಅವರು ‘ಸರ್, ಪ್ಲೀಸ್ ಡ್ರಾಪ್ ಎ ಮೇಲ್’ ಎನ್ನುತ್ತಿದ್ದಾರೆ. ಮೇಲ್ ಹಾಕಿದೆ. ಯೂನಿ-ಅಸಿಸ್ಟ್ (ಜರ್ಮನಿಯ ಹಲವು ವಿಶ್ವವಿದ್ಯಾಲಯಗಳ ಪರವಾಗಿ ಹೊರದೇಶದವರ ಅರ್ಜಿ ತೆಗೆದುಕೊಳ್ಳುವ ಸಂಸ್ಥೆ) ಮೂಲಕ ಹಾಕುವುದಾದರೆ ಮೊದಲ ಅರ್ಜಿಗೆ 75 ಯೂರೋ, ಆಮೇಲಿನ ಒಂದೊಂದಕ್ಕೆ 30 ಯೂರೋ ಕಟ್ಟಲೇಬೇಕು. ಐದರಲ್ಲಿ ಒಂದರದ್ದಾದರೂ ರಸೀದಿ ಕೊಡಿ ಎಂದೆ. ಎರಡು ದಿನ ಬಿಟ್ಟು ಉತ್ತರ: ‘ಅದು ನಮ್ಮ ಇಂಟರ್ನಲ್ ಪ್ರೋಸೆಸ್, ಹಂಚಿಕೊಳ್ಳಲು ಆಗುವುದಿಲ್ಲ.’ ನನ್ನ ಹೆಸರಿನ ಅರ್ಜಿ ನನಗೇ ತೋರಿಸಲ್ಲ!

ದುಡ್ಡು ವಾಪಸ್ ಕೊಡಿ ಎಂದೆ. ‘ಅಡ್ಮಿಷನ್ ಸಿಗದಿದ್ದರೆ ಮಾತ್ರ ರಿಫಂಡ್. ನಿಮಗೆ ಅಡ್ಮಿಷನ್ ಸಿಕ್ಕಿದೆ. ನಿಮ್ಮ ಯಶಸ್ಸಿಗೆ ಅಭಿನಂದನೆಗಳು.’ ಇದನ್ನು ಹತ್ತು ಸಲ ಓದಿದೆ. ಯಶಸ್ಸು ಅಂತೆ. ಕೇಳದ ಕೋರ್ಸ್, ಕಟ್ಟಲಾಗದ ಫೀ. ಆ ನಾಲ್ಕು ದಿನದ ಆಫರ್ ಲೆಟರ್ ತಂದುಕೊಟ್ಟದ್ದೇ ರಿಫಂಡ್ ಬಾಗಿಲು ಮುಚ್ಚೋಕೆ. ವೆಬಿನಾರ್ ಲೈವ್ ಅಲ್ಲ, ರೆಕಾರ್ಡ್ ಎಂದು ಸ್ಕ್ರೀನ್‌ಶಾಟ್ ಸಮೇತ ಬರೆದೆ. ಅದಕ್ಕೆ ಉತ್ತರವೇ ಇಲ್ಲ. ಒಂದು ವಾರ ಬಿಟ್ಟು ‘10,000 ವಾಪಸ್ ಕೊಡುತ್ತೇವೆ, ಎಲ್ಲೂ ರಿವ್ಯೂ ಹಾಕಬಾರದು ಎಂಬ ಪತ್ರಕ್ಕೆ ಸಹಿ ಮಾಡಿ’ ಎಂದರು. ಮಾಡಲಿಲ್ಲ. ಮಾಡುವುದೂ ಇಲ್ಲ.

ಅಷ್ಟರಲ್ಲಿ ಜುಲೈ ಬಂದಿತ್ತು. ಅಕ್ಟೋಬರ್‌ನಲ್ಲಿ ಶುರುವಾಗುವ ಚಳಿಗಾಲದ ಸೆಮಿಸ್ಟರ್‌ಗೆ ಹೆಚ್ಚಿನ ಕಡೆ ಕೊನೆಯ ದಿನ ಜುಲೈ 15. ಎಷ್ಟೋ ಕೋರ್ಸ್‌ಗಳಿಗೆ ಇನ್ನೂ ಮುಂಚೆಯೇ ಮುಗಿದಿರುತ್ತದೆ. ನನ್ನ ಹತ್ತಿರ ಎಪಿಎಸ್ ಇಲ್ಲ. ಅರ್ಜಿಯೂ ಇಲ್ಲ. ವರ್ಷ ಹೋಯಿತು.

ಜರ್ಮನಿಯ ಆಖೆನ್‌ನಲ್ಲಿ ಓದುತ್ತಿರುವ ಸೀನಿಯರ್‌ಗೆ ಆಗ ಫೋನ್ ಮಾಡಿದೆ. ಮೊದಲೇ ಮಾಡಬೇಕಿತ್ತು. ಅವರು ಹೇಳಿದ್ದು ಇಷ್ಟೇ: ಸರ್ಕಾರಿ ವಿಶ್ವವಿದ್ಯಾಲಯಕ್ಕೆ ನಿನ್ನನ್ನು ಸೇರಿಸಿದರೆ ಏಜೆಂಟನಿಗೆ ಸಾಮಾನ್ಯವಾಗಿ ಏನೂ ಸಿಗಲ್ಲ, ಖಾಸಗಿಗೆ ಸೇರಿಸಿದರೆ ಕಮಿಷನ್ ಸಿಗುತ್ತೆ. ಅಂದರೆ ನನ್ನಿಂದ 53,100, ಅವರಿಂದ ಕಮಿಷನ್. ಎರಡೂ ಕಡೆ ತಿನ್ನೋದು. ಸೀನಿಯರ್ ಒಂದು ರೂಪಾಯಿಯನ್ನೂ ಯಾವ ಏಜೆಂಟನಿಗೂ ಕೊಟ್ಟಿರಲಿಲ್ಲ. ಡಿಎಎಡಿ (ಹೊರದೇಶದ ವಿದ್ಯಾರ್ಥಿಗಳಿಗೆ ಮಾಹಿತಿ, ಸ್ಕಾಲರ್‌ಶಿಪ್ ಕೊಡುವ ಜರ್ಮನ್ ಸಂಸ್ಥೆ) ಸೈಟ್‌ನಲ್ಲಿ ಇಂಗ್ಲಿಷ್‌ನಲ್ಲಿ ಕಲಿಸುವ ಕೋರ್ಸ್‌ಗಳ ಪಟ್ಟಿ ಇದೆ. ಫೀ, ಕೊನೆಯ ದಿನ, ಬೇಕಾದ ಗ್ರೇಡ್ ಎಲ್ಲ ಅಲ್ಲೇ ಇದೆ. ಅದು ನಿಜವಾಗಿ ಉಚಿತ. ಅದನ್ನೇ ನೋಡಿ.

‘ಇವತ್ತು ರಾತ್ರಿ 12ರ ಒಳಗೆ’ ಎಂದರೆ ಫೋನ್ ಇಟ್ಟುಬಿಡಿ. ಬಾಯಿಮಾತು ನಂಬಬೇಡಿ, ಯಾವ ಊರಿನವರಾದರೂ ಸರಿ. ‘ಅಡ್ಮಿಷನ್’ ಅಂದರೆ ಯಾವ ವಿಶ್ವವಿದ್ಯಾಲಯ, ಯಾವ ಕೋರ್ಸ್ ಅಂತ ಬರೆದು ಕೊಡದೆ ಒಂದು ಪೈಸೆ ಕೊಡಬೇಡಿ. ಅರ್ಜಿಯ ಲಾಗಿನ್ ನಿಮ್ಮ ಕೈಯಲ್ಲೇ ಇರಲಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಎಪಿಎಸ್‌ಗೆ ಈ ಸಲ ನಾನೇ ಅರ್ಜಿ ಹಾಕಿದೆ, ಒಂದು ಸಂಜೆಯ ಕೆಲಸ. ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಲು ಕಾಗದ ಜೋಡಿಸುತ್ತಿದ್ದೇನೆ. ಆ ಸ್ಕ್ರೀನ್‌ಶಾಟ್ ಒಂದೇ ಸಾಕಾಗಲಿಕ್ಕಿಲ್ಲ. ಕುಕ್ಕರ್ ಕೂಗಿದ ಆ ವೆಬಿನಾರ್ ನೀವೂ ನೋಡಿದ್ದರೆ, ಚಾಟ್‌ನ ಚಿತ್ರ ಇದ್ದರೆ, 53,100ರ ರಸೀದಿ ಇದ್ದರೆ ನನಗೆ ಮೆಸೇಜ್ ಮಾಡಿ. ನಾಚಿಕೆ ಪಡಬೇಡಿ. ನಾನೂ ಕಟ್ಟಿದ್ದೇನೆ.